ಮೊದಲು ಡೆವ್, ಆಮೇಲೆ ಲೈಬ್ರರಿ: ಪಿಸಿಆರ್‌ಇ3 ತೆಗೆದ ಬಗೆ

ಪಿಸಿಆರ್‌ಇ ಅಂದರೆ ಪಠ್ಯದಲ್ಲಿ ಮಾದರಿ (ರೆಜೆಕ್ಸ್) ಹುಡುಕೋ ಲೈಬ್ರರಿ. ಡೆಬಿಯನ್ ಲಿನಕ್ಸ್‌ನಲ್ಲಿ ಅದರ ಹೆಸರೇ ಉಲ್ಟಾ: ಲಿಬ್‌ಪಿಸಿಆರ್‌ಇ3 ಹಳೇದು, ಲಿಬ್‌ಪಿಸಿಆರ್‌ಇ2 ಹೊಸದು. ಹಳೇ ಸಾಲಿನ ಕೊನೇ ಆವೃತ್ತಿ 8.45, 2021ರದ್ದು; ಅದನ್ನು ಬರೆದವರು ಈಗ ಅದಕ್ಕೆ ತೇಪೆ ಹಾಕಲ್ಲ. ದಾವಣಗೆರೆ, ದುರ್ಗದ ಲ್ಯಾಬ್‌ಗಳಿಗೆ ಬುಕ್‌ವರ್ಮ್ (ಡೆಬಿಯನ್ 12) ಮೇಲೆ ಕಟ್ಟಿರೋ ನಮ್ಮ ಡಿಸ್ಟ್ರೋದಿಂದ ಇದನ್ನು ಕಿತ್ತುಹಾಕೋಕಾಗಲ್ಲ ಅಂದವರೇ ಎಲ್ಲ. ಈಗ ಸುಮಾರು 40 ಮಶೀನ್‌ಗಳಲ್ಲಿ ಆ ಪ್ಯಾಕೇಜಿನ ಸುಳಿವಿಲ್ಲ.

ಲೈಬ್ರರಿಗೆ ಕೈ ಹಾಕಬೇಡಿ. ಮೊದಲು ನಿಮ್ಮ ರೆಪೊದಿಂದ (ಪ್ಯಾಕೇಜ್ ಭಂಡಾರ) ಲಿಬ್‌ಪಿಸಿಆರ್‌ಇ3-ಡೆವ್ ತೆಗೀರಿ; ಅದು ಬರೀ ಕಂಪೈಲ್ ಮಾಡೋಕೆ ಬೇಕಾದ ಪ್ಯಾಕೇಜ್. ಓಡ್ತಿರೋದು ಓಡ್ತಾನೇ ಇರುತ್ತೆ, ಹೊಸದ್ಯಾವುದೂ ಅದಕ್ಕೆ ಅಂಟಿಕೊಳ್ಳಲ್ಲ. ಪ್ಯಾಕೇಜ್‌ಗಳನ್ನು ಮತ್ತೆ ಕಟ್ಟೋ ಎಸ್‌ಬಿಲ್ಡ್‌ನಲ್ಲಿ ಯಾವುದು ಬೀಳುತ್ತೋ ಅದೇ ಕೆಲಸದ ಪಟ್ಟಿ. ರೆಪೊ ನಡೆಸೋಕೆ ರೆಪ್ರೆಪ್ರೊ ಬಳಸೋರು ಫಿಲ್ಟರ್‌ಲಿಸ್ಟ್‌ನಲ್ಲಿ ಡಿಇನ್‌ಸ್ಟಾಲ್ ಅಂತ ಬರೆದಿಡಿ, ಇಲ್ಲದಿದ್ದರೆ ಮುಂದಿನ ಅಪ್‌ಡೇಟ್‌ಗೆ ಮತ್ತೆ ಬಂದು ಕೂತಿರುತ್ತೆ. ಯಾರು ಇದನ್ನು ನೆಚ್ಚಿಕೊಂಡಿದ್ದಾರೆ ಅಂತ ಹೇಳೋ ಆಪ್ಟ್ ಆರ್‌ಡಿಪೆಂಡ್ಸ್ ಕಮಾಂಡ್‌ಗೆ ಬಿಲ್ಡ್-ಡಿಪೆಂಡ್ಸ್ (ಕಟ್ಟುವಾಗ ಮಾತ್ರ ಬೇಕಾದದ್ದು) ಕಾಣಲ್ಲ. ಪ್ರೋಗ್ರಾಂಗೆ ಬೇಕಾದ ಲೈಬ್ರರಿಗಳನ್ನು ಪಟ್ಟಿ ಮಾಡೋ ಎಲ್‌ಡಿಡಿ ಲೆಕ್ಕವೂ ನಂಬೋ ಹಾಗಿಲ್ಲ: ಬೇರೆ ಲೈಬ್ರರಿ ಬೆನ್ನು ಹತ್ತಿ ಬಂದದ್ದನ್ನೂ ಸೇರಿಸಿ ಅರವತ್ತು ಚಿಲ್ಲರೆ ತೋರಿಸಿತು. ರೀಡ್‌ಎಲ್ಫ್‌ನಲ್ಲಿ ನೀಡೆಡ್ ಸಾಲು ನೋಡಿದರೆ ನೇರವಾಗಿ ಕೇಳ್ತಿದ್ದದ್ದು ಇಪ್ಪತ್ತರ ಆಸುಪಾಸು ಅಷ್ಟೆ.

ನಿಜವಾಗಿ ಸತಾಯಿಸಿದ್ದು ನಮ್ಮದೇ ಸಿ ಪ್ಯಾಚ್‌ಗಳು. ಹಳೇ ಫಂಕ್ಷನ್ ಪಿಸಿಆರ್‌ಇ_ಎಕ್ಸೆಕ್ ಜಾಗಕ್ಕೆ ಹೊಸ ಪಿಸಿಆರ್‌ಇ2_ಮ್ಯಾಚ್ ಹಾಕೋದು ದೊಡ್ಡ ಮಾತಲ್ಲ. ಹೆಡರ್‌ಗೂ ಮೊದಲು ಕೋಡ್ ಯುನಿಟ್ ವಿಡ್ತ್ 8 ಅಂತ ಡಿಫೈನ್ ಮಾಡೋದು ಮರೀಬೇಡಿ. ಕಾಲೆಳೆದದ್ದು ಓವೆಕ್ಟರ್, ಅಂದರೆ ಮ್ಯಾಚ್ ಎಲ್ಲಿ ಶುರುವಾಗಿ ಎಲ್ಲಿ ಮುಗೀತು ಅಂತ ಇಡೋ ಪಟ್ಟಿ. ಹಳೇದರಲ್ಲಿ ಮ್ಯಾಚ್ ಆಗದ ಗುಂಪಿಗೆ -1 ಬರ್ತಿತ್ತು. ಸೊನ್ನೆಗಿಂತ ಕಮ್ಮಿ ಇದೆಯಾ ಅಂತ ಕೇಳಿದರೆ ಮುಗೀತು. ಹೊಸದರಲ್ಲಿ ಅದು ಅನ್‌ಸೈನ್ಡ್ (ಸೊನ್ನೆಗಿಂತ ಕೆಳಗೆ ಹೋಗಲ್ಲ), ಆ ಷರತ್ತು ಯಾವತ್ತೂ ನಿಜ ಆಗಲ್ಲ. ಎಚ್ಚರಿಕೆಗೆ ಬರೀ -ಡಬ್ಲ್ಯೂಆಲ್ ಆಯ್ಕೆ ಇದ್ದರೆ ಕಂಪೈಲರ್ ಜಿಸಿಸಿ ತುಟಿ ಬಿಚ್ಚಲ್ಲ, ಪ್ರೋಗ್ರಾಂ ಸೀದಾ ಸೆಗ್‌ಫಾಲ್ಟ್ ಆಗಿ ಸಾಯುತ್ತೆ. ಸೊನ್ನೆಯ ಬದಲು ಪಿಸಿಆರ್‌ಇ2_ಅನ್‌ಸೆಟ್ ಜೊತೆ ಹೋಲಿಸಬೇಕು. -ಡಬ್ಲ್ಯೂಎಕ್ಸ್‌ಟ್ರಾ ಹಾಕಿದ್ದರೆ ಮೂರು ರಾತ್ರಿ ಉಳೀತಿತ್ತು.

ಹಳೇ ಹೆಸರಿನಿಂದ ಹೊಸ ಫೈಲಿಗೆ ಕೊಂಡಿ ಹಾಕೋ ಸಿಮ್‌ಲಿಂಕ್ ಆಟವನ್ನೂ ಆಡಿ ನೋಡಿದ್ದಾಯ್ತು. ಒಳಗಿನ ಸಿಂಬಲ್ (ಫಂಕ್ಷನ್) ಹೆಸರುಗಳೇ ಬೇರೆ, ನಡೆಯಲ್ಲ. ಈಕ್ವಿವ್ಸ್ ಅನ್ನೋ ಟೂಲ್‌ನಿಂದ ಅದೇ ಹೆಸರಿನ ಖಾಲಿ ಪ್ಯಾಕೇಜ್ ಕಟ್ಟಿದರೆ ಆಪ್ಟ್ ಸುಮ್ಮನಾಗುತ್ತೆ, ಪ್ರೋಗ್ರಾಂ ಮೇಲೇಳಲ್ಲ.

ಖರ್ಚು? ಬಿಲ್ಡ್ ಮಶೀನ್‌ಗೆ ಎಸ್‌ಎಸ್‌ಡಿ ಮೂರು ಸಾವಿರದ ಹತ್ತಿರ. ಕರೆಂಟ್ ಹೋಗಿ ಬಿಲ್ಡ್ ಅರ್ಧಕ್ಕೇ ಸಾಯ್ತಿದ್ದರಿಂದ ಯುಪಿಎಸ್ ಬ್ಯಾಟರಿಗೆ ಇನ್ನೊಂದು ಸಾವಿರ ಚಿಲ್ಲರೆ. ದುರ್ಗದ ಬಸ್ ಚಾರ್ಜು ಬೇರೆ.

ಓಡ್ತಿರುವಾಗಲೇ ಡಿಎಲ್‌ಓಪನ್‌ನಿಂದ ಲೈಬ್ರರಿ ಕರೆಯೋದು ರೀಡ್‌ಎಲ್ಫ್‌ಗೂ ಸಿಗಲ್ಲ. /ಆಪ್ಟ್ (opt; apt ಅಲ್ಲ) ಫೋಲ್ಡರ್‌ನಲ್ಲಿದ್ದ ಸೋರ್ಸ್ ಇಲ್ಲದ ಬಿಲ್ಲಿಂಗ್ ಪ್ರೋಗ್ರಾಂ, ಫೈಲಿನೊಳಗಿನ ಅಕ್ಷರಗಳನ್ನು ತೋರಿಸೋ ಸ್ಟ್ರಿಂಗ್ಸ್ ಕಮಾಂಡ್‌ಗೆ ಸಿಕ್ಕಿಬಿತ್ತು. ಅದರದೇ ಫೋಲ್ಡರ್‌ನಲ್ಲಿ ಹಳೇ .ಎಸ್‌ಓ (ಲೈಬ್ರರಿ) ಫೈಲಿನ ಒಂದು ಪ್ರತಿ ಇಟ್ಟು, ಅದನ್ನು ಎಲ್ಲಿ ಹುಡುಕಬೇಕು ಅಂತ ಎಲ್‌ಡಿ_ಲೈಬ್ರರಿ_ಪಾತ್ ಕೊಡೋ ಶೆಲ್ ಸ್ಕ್ರಿಪ್ಟ್‌ನಿಂದ ಓಡಿಸ್ತಿದ್ದೀವಿ. ಹೆಸರನ್ನು ತುಂಡು ತುಂಡಾಗಿ ಜೋಡಿಸಿ ಕರೆಯೋ ಕಿಲಾಡಿಗಳನ್ನು ಹಿಡಿದ ಸ್ಕ್ರಿಪ್ಟ್ ಸದ್ಯಕ್ಕೆ ನನ್ನ ಹತ್ರಾನೇ ಇರಲಿ.

ಲೈಬ್ರರಿಯನ್ನೇ ತೆಗೆಯೋ ಕೊನೇ ಆಪ್ಟ್ ಪರ್ಜ್‌ಗೆ ಮುಂಚೆ -ಎಸ್ (ಏನೂ ತೆಗೆಯದೆ ಬರೀ ತೋರಿಸೋ ಆಯ್ಕೆ) ಹಾಕಿ ಓಡಿಸಿ. ಪರ್ಗ್ (Purg) ಅನ್ನೋ ಸಾಲು ಒಂದಕ್ಕಿಂತ ಜಾಸ್ತಿ ಬಂದರೆ ಇನ್ನೂ ಯಾವುದೋ ಉಳಿದಿದೆ ಅಂತ ಲೆಕ್ಕ.