ಫ್ಯಾಮಿಲಿ ಫೋಟೋಗೆ ಮೊದಲು ಅಜ್ಜಿಯ ಸೀರೆ ನೋಡಿ

ಮನೆಮಂದಿಯೆಲ್ಲ ಸೇರಿ ಫೋಟೋ ತೆಗೆಸೋಣ ಅಂದ ತಕ್ಷಣ ಈಗಿನವರು ಎಲ್ಲರಿಗೂ ಒಂದೇ ಬಣ್ಣದ ಬಟ್ಟೆ ಆರ್ಡರ್ ಮಾಡಿಬಿಡುತ್ತಾರೆ. ನನಗದು ಹಿಡಿಸುವುದಿಲ್ಲ. ಹತ್ತು ಹನ್ನೆರಡು ಜನ ಒಂದೇ ಹಳದಿಯಲ್ಲಿ ನಿಂತರೆ ಬ್ಯಾಂಡ್‌ಸೆಟ್ಟಿನವರ ಹಾಗೆ ಕಾಣುತ್ತಾರೆ, ಅಲ್ವಾ?

ಮನೆಯ ಹಿರಿಯರು ಏನು ಉಡುತ್ತಾರೆ ಅಂತ ಮೊದಲು ಕೇಳಿ. ಬೇರೆಯವರು ಹೇಗೋ ಹೊಂದಿಕೊಳ್ಳುತ್ತಾರೆ, ಅಜ್ಜಿಗೆ ಒಗ್ಗದ ಬಟ್ಟೆ ಉಡಿಸಿದರೆ ಮುಖದಲ್ಲೇ ಗೊತ್ತಾಗುತ್ತದೆ. ಅವರ ಸೀರೆಯನ್ನು ಮಂಚದ ಮೇಲೆ ಹರಡಿ, ಉಳಿದವರ ಬಣ್ಣ ಅದರಿಂದಲೇ ಆರಿಸಿ. ಸೀರೆ ಕಡುಹಸಿರು, ಅಂಚು ಮರೂನ್ ಅಂದುಕೊಳ್ಳಿ. ಮಗಳಿಗೆ ಮರೂನ್, ಸೊಸೆಗೆ ಸಾಸಿವೆ ಬಣ್ಣ, ಗಂಡಸರಿಗೆ ಕೆನೆಬಣ್ಣದ ಅಂಗಿ, ಮಕ್ಕಳಿಗೆ ತಿಳಿಹಸಿರು. ಎಲ್ಲರ ಬಟ್ಟೆಯನ್ನೂ ಪಕ್ಕಪಕ್ಕ ಇಟ್ಟು ಕಿಟಕಿಯ ಬೆಳಕಲ್ಲಿ ಮೊಬೈಲಿನಲ್ಲಿ ಒಂದು ಫೋಟೋ ತೆಗೆದು ನೋಡಿ. ಯಾವುದೊಂದು ಮಾತ್ರ ಕಣ್ಣಿಗೆ ಕುಕ್ಕುತ್ತದೋ ಅದನ್ನು ಬದಲಾಯಿಸಿ.

ಸೀರೆಗಳಲ್ಲಿ ಫೋಟೋಗೆ ನನ್ನ ಓಟು ಮೈಸೂರು ಸಿಲ್ಕ್‌ಗೆ. ಸಾಮಾನ್ಯವಾಗಿ ಮೈ ಪ್ಲೇನ್, ಜರಿ ಅಂಚು, ಸೆರಗಿನಲ್ಲಿ ಮಾತ್ರ, ಕೂತರೂ ನೆರಿಗೆ ಉಬ್ಬುವುದಿಲ್ಲ. ಮೈಸೂರಿನ ಕಾರ್ಖಾನೆ ಶುರುವಾಗಿದ್ದು 1912ರಲ್ಲಿ, ಹಾಗಾಗಿ ಎಷ್ಟೋ ಮನೆಗಳ ಬೀರುವಿನಲ್ಲಿ ಅತ್ತೆಯ ಕಾಲದ್ದೊಂದು ಸಿಗುತ್ತದೆ. ಅಗಲ ಜರಿಯ ಸೀರೆಯಾದರೆ ಫ್ಲ್ಯಾಶ್ ನೇರವಾಗಿ ಹೊಡೆಯಬೇಡಿ ಅಂತ ಫೋಟೋಗ್ರಾಫರ್‌ಗೆ ಹೇಳಿ. ಇಲ್ಲದಿದ್ದರೆ ಜರಿಯೆಲ್ಲ ಬೆಳ್ಳಗೆ ಹೊಳೆದು ಡಿಸೈನೇ ಕಾಣುವುದಿಲ್ಲ. ಇಳಕಲ್ ಸೀರೆಯ ಚೆಲುವೆಲ್ಲ ಆ ಕೆಂಪು-ಬಿಳಿ ಟೋಪ ತೆನಿ, ಅಂದರೆ ಗೋಪುರದ ಮೊನೆಗಳಂಥ ವಿನ್ಯಾಸದ, ಸೆರಗಿನಲ್ಲಿದೆ. ಅದು ಬೆನ್ನ ಹಿಂದೆ ಇಳಿದರೆ ಫೋಟೋದಲ್ಲಿ ಬರುವುದೇ ಇಲ್ಲ. ಸೆರಗನ್ನು ಹಿಂದಿನಿಂದ ಬಲಗೈ ಕಡೆಗೆ ಮುಂದೆ ತಂದು ಮೊಣಕೈ ಮೇಲೆ ಬಿಡಿ.

ರೇಷ್ಮೆ ಸೀರೆಯನ್ನು ಎರಡು ದಿನ ಮುಂಚೆಯೇ ತೆಗೆದು ನೆರಳಲ್ಲಿ ಗಾಳಿಗೆ ಹಾಕಿ. ಮಡಿಕೆ ಗುರುತು ಹೋಗದಿದ್ದರೆ ಒಳಮಗ್ಗುಲಿಗೆ ತೆಳು ಹತ್ತಿ ಬಟ್ಟೆ ಹಾಸಿ ಕಡಿಮೆ ಬಿಸಿಯಲ್ಲಿ ಇಸ್ತ್ರಿ ಮಾಡಿ. ನೀರು ಮಾತ್ರ ಚಿಮುಕಿಸಬೇಡಿ, ಹನಿಯ ಗುರುತು ಉಳಿದುಬಿಡಬಹುದು.

ಸಣ್ಣ ಸಣ್ಣ ಗೆರೆ, ಪುಟ್ಟ ಚೌಕಳಿಯ ಅಂಗಿ ಬೇಡ. ಕ್ಯಾಮೆರಾದಲ್ಲಿ ಅದು ಅಲೆ ಅಲೆಯಾಗಿ ಕಾಣುತ್ತದೆ. ಕಣ್ಣು ಕೋರೈಸುವ ರಾಣಿ ಪಿಂಕ್ ಬಿಸಿಲಲ್ಲಿ ಗಲ್ಲ, ಕತ್ತಿನ ಮೇಲೆಲ್ಲ ಬಣ್ಣ ಚೆಲ್ಲುತ್ತದೆ. ತೋಟದಲ್ಲಿ ತೆಗೆಸುವುದಾದರೆ ಹಸಿರು ಜಾಸ್ತಿ ಬೇಡ, ಗಿಡದೊಳಗೆ ಸೇರಿಹೋಗುತ್ತೀರಿ.

ಮಕ್ಕಳ ಜರಿ ಲಂಗ ಚುಚ್ಚುತ್ತದೆ. ಒಳಗೊಂದು ಮೆತ್ತನೆಯ ಹಳೆ ಹತ್ತಿ ಶಿಮ್ಮಿ ಹಾಕಿ. ಊಟ ಮಾಡಿಸಿ, ಎಲ್ಲರಿಗಿಂತ ಕೊನೆಗೆ ಬಟ್ಟೆ ತೊಡಿಸಿ, ಫೋಟೋ ಮಾತ್ರ ಅವರದ್ದೇ ಮೊದಲು ತೆಗೆಸಿ.

ಗಂಡಸರ ವಿಷಯ ಬೇಗ ಮುಗಿಯುತ್ತದೆ. ಪಂಚೆ ಉಟ್ಟರೆ ಬರಿಗಾಲು ಚೆಂದ. ತೆಳು ಅಂಗಿಯಾದರೆ ಬನಿಯನ್ ಕಾಣದ ಹಾಗೆ ನೋಡಿಕೊಳ್ಳಿ. ಜೇಬಿನಿಂದ ಮೊಬೈಲು, ಪೆನ್ನು, ಬಸ್ ಟಿಕೆಟ್ಟು ಎಲ್ಲ ತೆಗೆಸಿ. ಹೇಳದಿದ್ದರೆ ಅವರು ತೆಗೆಯುವುದಿಲ್ಲ.