ಮೂಲೆಯಲ್ಲಿ ಕೂತು ಆರಿಸಿದ ಮಾಂಟೆಸ್ಸೊರಿ

ಮಗಳಿಗೆ ಶಾಲೆ ಹುಡುಕುವಾಗ ಮೊದಲ ಸಲ ನಾನು ಬೋರ್ಡ್ ನೋಡಿ ಮೋಸಹೋದೆ. ನಮ್ಮ ದಕ್ಷಿಣ ಬೆಂಗಳೂರಿನಲ್ಲಿ ಎರಡು ರಸ್ತೆಗೊಂದು ಮಾಂಟೆಸ್ಸೊರಿ, ಅಂದರೆ ಪುಟ್ಟ ಮಕ್ಕಳು ಸಾಮಗ್ರಿ ಹಿಡಿದು ತಾವೇ ಮಾಡಿ ಕಲಿಯುವ ಶಾಲೆ, ಇದೆ. ಆ ಹೆಸರನ್ನು ಯಾರು ಬೇಕಾದರೂ ಹಾಕಿಕೊಳ್ಳಬಹುದು ಅನ್ನುವುದು ನನಗೆ ತಿಳಿದದ್ದು ಫೀಸು ಕಟ್ಟಿದ ಮೇಲೆ. ಅಲ್ಲಿ ಕಪಾಟಿನ ತುಂಬ ಸಾಮಗ್ರಿ ಇತ್ತು, ಒಂದರ ಮೇಲೊಂದು ಪೇರಿಸುವ ಗುಲಾಬಿ ಘನಗಳ ಪಿಂಕ್ ಟವರ್ ಮೇಲೆ ಧೂಳೂ ಇತ್ತು. ಎರಡೂವರೆ ವರ್ಷದ ಮಗಳಿಗೆ ಮೂರನೇ ತಿಂಗಳಲ್ಲೇ ಬರೆಯುವ ಹೋಮ್‌ವರ್ಕ್ ಶುರುವಾಯಿತು. ಬಿಡಿಸಿದೆ. ಫೀಸು, ಯೂನಿಫಾರ್ಮು, ವ್ಯಾನು ಸೇರಿ ಲಕ್ಷದ ಹತ್ತಿರ ಹೋಗಿತ್ತು. ವಾಪಸ್ ಬಂದದ್ದು 5 ಸಾವಿರ.

"ಪಕ್ಕದ ಕಾನ್ವೆಂಟಿಗೆ ಹಾಕಮ್ಮ, ಮಗುವಿನ ವರ್ಷ ಹಾಳಾಗುತ್ತೆ" ಅಂದರು ಅತ್ತೆ. ಫಾರಿನ್ ಪದ್ಧತಿ ನಮಗ್ಯಾಕೆ ಅಂತ ಮಾವ. ಆ ಪದ್ಧತಿ ಹುಟ್ಟುಹಾಕಿದ ಮಹಾತಾಯಿ ಮಾರಿಯಾ ಮಾಂಟೆಸ್ಸೊರಿ 1939ರಲ್ಲೇ ಮದ್ರಾಸಿನ ಅಡ್ಯಾರಿಗೆ ಬಂದು ನಮ್ಮ ಟೀಚರುಗಳಿಗೆ ತರಬೇತಿ ಕೊಟ್ಟಿದ್ದರು ಮಾವ ಅಂದೆ. ಒಪ್ಪಲಿಲ್ಲ.

ಎರಡನೇ ಸುತ್ತಿನಲ್ಲಿ ಫೀಸು ಕೇಳುವ ಮುಂಚೆ ಫೋನಿನಲ್ಲಿ ಒಂದೇ ಮಾತು ಕೇಳಿದೆ: ಮಕ್ಕಳು ಕೆಲಸ ಮಾಡುವಾಗ ಒಳಗೆ ಕೂತು ನೋಡಬಹುದಾ? ಹದಿನಾಲ್ಕೋ ಹದಿನೈದೋ ಕಡೆ ಕೇಳಿರಬೇಕು, ಆರು ಕಡೆ ಒಪ್ಪಿದರು. ಕಟ್ಟಡ ತೋರಿಸುತ್ತೇವೆ ಅಂದವರನ್ನು ಅಲ್ಲಿಗೇ ಬಿಟ್ಟೆ.

ಮೊದಲೆರಡು ಭೇಟಿ ನಾನೇ ಕೆಡಿಸಿದೆ. ಒಂದು ಕಡೆ ಹನ್ನೊಂದೂವರೆಗೆ ಹೋದೆ, ಮಕ್ಕಳು ಡಬ್ಬಿ ತೆಗೆಯುತ್ತಿದ್ದರು. ಇನ್ನೊಂದು ಕಡೆ ಒಂದು ಮಗುವನ್ನು ನೋಡಿ ನಕ್ಕೆ, ಐದಾರು ಮಕ್ಕಳು ನನ್ನ ಸುತ್ತ ಬಂದು ನಿಂತವು. ಆಮೇಲೆ ಒಂಬತ್ತೂಕಾಲಿಗೇ ಹೋಗಿ ಮೂಲೆಯಲ್ಲಿ ಕೂತು, ಫೋನು ಬ್ಯಾಗಿಗೆ ಹಾಕಿ, ಒಂದೇ ಮಗುವನ್ನು ಒಂದೂವರೆ ಗಂಟೆ ನೋಡುತ್ತಿದ್ದೆ.

ಬೇರೆ ಬೇರೆ ವಯಸ್ಸಿನ ಮಕ್ಕಳು ಒಟ್ಟಿಗೆ ಕಲಿಯಬೇಕಾದ ಪದ್ಧತಿಯಿದು, ವಯಸ್ಸಿನ ಪ್ರಕಾರ ಮಾಂಟ್ 1, 2, 3 ಅಂತ ಬೇರೆ ಬೇರೆ ಕೋಣೆ ಮಾಡಿದ್ದರೆ ಎದ್ದು ಬಂದೆ. ನಲವತ್ತು ನಿಮಿಷಕ್ಕೊಮ್ಮೆ ಬೆಲ್ ಹೊಡೆದು ಮಕ್ಕಳ ಕೆಲಸ ನಿಲ್ಲಿಸಿದರೂ ಅಷ್ಟೇ. ಒಂದೇ ಕೋಣೆಯಲ್ಲಿ ಐದು ಪಿಂಕ್ ಟವರ್ ಇದ್ದ ಜಾಗವನ್ನೂ ಬಿಟ್ಟೆ. ಒಂದೇ ಇದ್ದರೆ ತಾನೇ ಮಗು ಕಾಯುವುದನ್ನು ಕಲಿಯೋದು? ನೀರು ಚೆಲ್ಲಿದಾಗ ಬಟ್ಟೆ ತರುವುದು ಮಗುವೋ ಆಯಾನೋ ಅಂತ ನೋಡಿದೆ. ಆಯಾಗೆ ಗೇಟಿನ ಹತ್ತಿರ ನಾನು ಕೇಳುವ ಪ್ರಶ್ನೆ ಒಂದಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಎಲ್ಲ ಶಾಲೆಗಳೂ ಉತ್ತರ ಕಲಿಸಿಡುತ್ತವೆ.

ಐದನೆಯದು ಹಳೇ ಮನೆಯೊಂದರಲ್ಲಿತ್ತು. ಹುಡುಗನೊಬ್ಬ, ಮೂರು ವರ್ಷದವನಿರಬೇಕು, ಗಾತ್ರ ನೋಡಿ ಕುಳಿಯಲ್ಲಿ ಕೂರಿಸಬೇಕಾದ ಮರದ ಸಿಲಿಂಡರ್ ಬ್ಲಾಕ್‌ನ ಹತ್ತೂ ಸಿಲಿಂಡರ್ ತೆಗೆದು ಮತ್ತೆ ಹಾಕುತ್ತಿದ್ದ. ಕೊನೆಯದು ಕೂರಲಿಲ್ಲ. ಆಂಟಿ (ಅಲ್ಲಿ ಟೀಚರನ್ನು ಹಾಗೇ ಕರೆಯುತ್ತಾರೆ) ದೂರದಿಂದ ನೋಡಿದರು, ಬರಲಿಲ್ಲ. ಅವನು ಎಲ್ಲವನ್ನೂ ಕಿತ್ತು ಮತ್ತೆ ಶುರುಮಾಡಿದ, ಹತ್ತು ಹನ್ನೆರಡು ನಿಮಿಷ. ಕೊನೆಯದು ಕೂತಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ, ಅವನಿಗೂ ಅದು ಬೇಕಿರಲಿಲ್ಲ. ನನಗೆ ಕಣ್ಣು ತುಂಬಿತು. ಆರನೆಯದಕ್ಕೆ ನಾನು ಹೋಗಲೇ ಇಲ್ಲ, ಇಲ್ಲೇ ಸೇರಿಸಿದೆ. ವರ್ಷಕ್ಕೆ 62 ಸಾವಿರ, ಎರಡು ಕಂತು. ವ್ಯಾನಿಲ್ಲ, ಸ್ಕೂಟರಲ್ಲಿ ನಾನೇ ಬಿಡುತ್ತೇನೆ.

ಅಲ್ಲಿದ್ದ ಒಂದೇ ಕೊರತೆ ಮಕ್ಕಳು ಬೆರಳಾಡಿಸಿ ಕಲಿಯುವ ಕನ್ನಡ ಅಕ್ಷರಗಳದು. ಮನೆಯಲ್ಲೇ ಉಪ್ಪುಕಾಗದ ಕತ್ತರಿಸಿ ಮಾಡಿದೆ. 80ನೇ ನಂಬರಿನ ಒರಟು ಕಾಗದ ಬೆರಳು ತರಚಿತು, ಅದಕ್ಕಿಂತ ನಯವಾದ 150 ಸರಿಹೋಯಿತು. ಋ, ಝ ಕತ್ತರಿಸುವಾಗ ನಾಲ್ಕು ಹಾಳೆ ದಂಡ. ಎಲ್ಲ ಸೇರಿ ಮುನ್ನೂರು ರೂಪಾಯಿ ಒಳಗೇ ಆಯಿತು. ಒತ್ತಕ್ಷರಕ್ಕೆ ಇನ್ನೂ ದಾರಿ ಸಿಕ್ಕಿಲ್ಲ. ಮಗಳಿಗೀಗ ಐದು ತುಂಬಿದೆ, ಬಸ್ಸಿನ ಬೋರ್ಡು ತಾನೇ ಓದುತ್ತಾಳೆ. ಅತ್ತೆ ಈಗ ನಾದಿನಿಗೂ ಇದೇ ಶಾಲೆಯ ವಿಳಾಸ ಕೊಟ್ಟಿದ್ದಾರೆ.

ನೋಡಲು ಜೂನಿನಲ್ಲಿ ಹೋಗಬೇಡಿ, ಹೊಸ ಮಕ್ಕಳು ಅಳುತ್ತಿರುತ್ತವೆ, ಎಂಥ ಒಳ್ಳೆ ಶಾಲೆಯೂ ಸಂತೆಯಂತೆ ಕಾಣುತ್ತದೆ. ದಸರಾ ರಜೆ ಮುಗಿದು ಎರಡು ವಾರ ಬಿಟ್ಟು ಹೋಗಿ. ಜನವರಿವರೆಗೆ ಕಾಯಬೇಡಿ, ನಮ್ಮಲ್ಲಿ ಅಷ್ಟೊತ್ತಿಗೆ ಸೀಟು ಮುಗಿದಿತ್ತು.