ಎರೆಮಣ್ಣಿನ ಉಂಡೆಗೆ ಚಂದ್ರ ಸಿಕ್ಕ: ನನ್ನ ಅನುಭವ

ಗೌರಿ ಹುಣ್ಣಿಮೆ ಆಗಿ ಎಂಟನೇ ದಿನ. ಬೆಳಿಗ್ಗೆ ಒಂಬತ್ತೂವರೆ. ಪ್ರಾರ್ಥನೆ ಮುಗಿದ ಮೇಲೆ ಎಂಟನೇ ತರಗತಿಯವರನ್ನು ಮೈದಾನದಲ್ಲೇ ನಿಲ್ಲಿಸಿಕೊಂಡೆ. ಪಡುವಣದಲ್ಲಿ ಅರ್ಧ ಚಂದ್ರ, ಬೆನ್ನಿಗೆ ಬಿಸಿಲು. ಎಲ್ಲರ ಕೈಯಲ್ಲೂ ಕಡ್ಡಿಗೆ ಚುಚ್ಚಿದ ಮಣ್ಣಿನ ಉಂಡೆ. ಚಂದ್ರನ ಪಕ್ಕಕ್ಕೇ ಕಾಣುವಂತೆ ಹಿಡೀರಿ ಅಂದೆ. ಒಬ್ಬಳು ಕೂಗಿದಳು: "ಸರ್, ನನ್ನ ಉಂಡೀನೂ ಅರ್ಧಾ ಆತ್ರಿ!" ಮೇಲಿನ ಅರ್ಧ ಬೆಳಕು, ಕೆಳಗಿನ ಅರ್ಧ ನೆರಳು. ನಡುವಿನ ಗೆರೆ ವಾಲಿದ್ದೂ ಚಂದ್ರನಲ್ಲಿದ್ದ ಹಾಗೇ.

ಚಂದ್ರ ಯಾಕೆ ಸಣ್ಣದಾಗುತ್ತಾನೆ, ದೊಡ್ಡದಾಗುತ್ತಾನೆ ಅಂತ ಮಕ್ಕಳಿಗೆ ತೋರಿಸಬೇಕಿತ್ತು. ಈ ಒಂದು ಕೂಗಿಗೆ ನನಗೆ ಮೂರು ವರ್ಷ ಹಿಡಿಯಿತು. ಕೈಯಿಂದ ಹೋದ ದುಡ್ಡು ನಾಲ್ಕು ಸಾವಿರದ ಹತ್ತಿರ.

ಮೊದಲ ವರ್ಷ ಎಲ್ಲರಂತೆ ಕತ್ತಲೆ ಕೋಣೆ ಮಾಡಿದೆ. ಕಿಟಕಿಗೆ ಕರಿ ಬಟ್ಟೆ, ಅದಕ್ಕೇ ಸಾವಿರದ ಮೇಲೆ. ನಡುವೆ ಸೂರ್ಯನ ಬದಲಿಗೆ ಬಲ್ಬು, ಮಕ್ಕಳ ಕೈಯಲ್ಲಿ ಚಂದ್ರನ ಬದಲಿಗೆ ಥರ್ಮಾಕೋಲ್ ಚೆಂಡು, ಅವರ ತಲೆಯೇ ಭೂಮಿ. ಥರ್ಮಾಕೋಲಿನೊಳಗೆ ಬೆಳಕು ಇಳಿಯುತ್ತದೆ, ಹಾಗಾಗಿ ಕತ್ತಲಾಗಬೇಕಾದ ಭಾಗವೂ ಮಿಣಮಿಣ ಅಂತಿತ್ತು. ಪ್ಲಾಸ್ಟಿಕ್ ಚೆಂಡು ತಂದರೆ ಅದರ ಮೇಲೆ ಬಲ್ಬಿನದೇ ಒಂದು ಚುಕ್ಕೆ ಹೊಳೆಯಿತು. ಇವೆಲ್ಲ ಸಣ್ಣ ತೊಂದರೆ. ದೊಡ್ಡದು ಬೇರೆ ಇತ್ತು. ಬಲ್ಬಿಗೆ ಬೆನ್ನು ಮಾಡಿ ಹುಣ್ಣಿಮೆ ತೋರಿಸಲು ಹೋದಾಗಲೆಲ್ಲ ತಲೆಯ ನೆರಳು ಚೆಂಡಿನ ಮೇಲೆ ಬೀಳುತ್ತಿತ್ತು. ಪರೀಕ್ಷೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಮಕ್ಕಳು "ಭೂಮಿಯ ನೆರಳಿನಿಂದ ಚಂದ್ರ ಸಣ್ಣದಾಗುತ್ತದೆ" ಅಂತ ಬರೆದರು. ತಪ್ಪನ್ನು ನಾನೇ ಕಲಿಸಿದ್ದೆ. ಆ ರಾತ್ರಿ ನಿದ್ದೆ ಬರಲಿಲ್ಲ.

ಎರಡನೇ ವರ್ಷ ಹೊರಗೆ ಬಿಸಿಲಿಗೆ ಬಂದೆ. ಸ್ಟಾಫ್ ರೂಮಿನಲ್ಲಿ "ಹಗಲಾಗ ಚಂದ್ರನ್ನ ಹುಡುಕಾಕ ಹೊಂಟ್ರೇನ್ರಿ ಮಾಸ್ತರ?" ಅಂದರು. ಕೈಯಲ್ಲಿರೋ ಉಂಡೆಗೂ ಅಷ್ಟು ದೂರದ ಚಂದ್ರನಿಗೂ ಏನು ಸಂಬಂಧ ಅಂತ ಇನ್ನೊಬ್ಬರು. ಸೂರ್ಯ ಇರೋದು ಸುಮಾರು 15 ಕೋಟಿ ಕಿಲೋಮೀಟರ್ ಆಚೆ. ಅಲ್ಲಿಂದ ಬರೋ ಬೆಳಕು ಎರಡಕ್ಕೂ ಒಂದೇ ದಿಕ್ಕಿನಿಂದ ಬೀಳುತ್ತದೆ, ಅಷ್ಟೇ ಸಂಬಂಧ. ಆದರೆ ನಾನು ಶುರು ಮಾಡಿದ್ದು ಕಾರ ಹುಣ್ಣಿಮೆ ಆದ ಮೇಲೆ, ಮಳೆಗಾಲದಲ್ಲಿ. ಹದಿನೈದು ದಿನವೂ ಮೋಡ. ಅವರ ಮಾತೇ ಗೆದ್ದಿತು.

ಆಗ ಕೈಗೆ ಸಿಕ್ಕಿದ್ದು ಮಣ್ಣು. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡಿ ಉಳಿದ ಎರೆಮಣ್ಣನ್ನು ಮಕ್ಕಳು ತಂದುಕೊಟ್ಟರು. ನಿಂಬೆಹಣ್ಣಿನಷ್ಟು ಉಂಡೆ ಮಾಡಿ ಬಿಸಿಲಿಗಿಟ್ಟೆ, ಮೂವತ್ತರಲ್ಲಿ ಇಪ್ಪತ್ತು ಬಿರುಕು ಬಿಟ್ಟವು. ಮರುವರ್ಷ ಮಣ್ಣಿಗೆ ಹತ್ತಿ ಹಿಂಜಿ ಹಾಕಿ, ಚೆನ್ನಾಗಿ ನಾದಿ, ನೆರಳಲ್ಲಿ ಒಣಗಿಸಿದೆವು. ಒಂದೂ ಒಡೆಯಲಿಲ್ಲ. ಮೇಲೆ ಸುಣ್ಣ. ಸುಣ್ಣ ಬಳಿದ ಮಣ್ಣು ಹೊಳೆಯುವುದಿಲ್ಲ, ಬೆಳಕನ್ನು ಒಳಗೂ ಬಿಡುವುದಿಲ್ಲ. ಬೆಳಕು ನೆರಳಿನ ಗೆರೆ ಕತ್ತರಿಸಿದ ಹಾಗೆ ಕಾಣುತ್ತದೆ. ಸುಣ್ಣ ಕೈಗೆ ಹತ್ತದಂತೆ ಅದಕ್ಕೆ ಏನು ಬೆರೆಸುತ್ತೇನೆ ಅನ್ನೋದನ್ನು ಮಾತ್ರ ಬರೆಯೋದಿಲ್ಲ. ಖರ್ಚು ಎಲ್ಲಾ ಸೇರಿ ನಲವತ್ತು ರೂಪಾಯಿ.

ನನ್ನ ಲೆಕ್ಕದಲ್ಲಿ ಶೀಗಿ ಹುಣ್ಣಿಮೆಯಿಂದ ಆಚೆ, ಅಂದರೆ ಮಳೆಗಾಲ ಕಳೆದ ಮೇಲೆ, ಆಕಾಶ ನಂಬಬಹುದು. ಬಹುಳ ಷಷ್ಠಿಯಿಂದ ದಶಮಿವರೆಗೆ ಬೆಳಗಿನ ಶಾಲೆ ಸಮಯಕ್ಕೆ ಸರಿ. ಶುದ್ಧ ಅಷ್ಟಮಿ ಆದರೆ ಸಂಜೆ ನಾಲ್ಕಕ್ಕೆ, ಚಂದ್ರ ಮೂಡಣದಲ್ಲಿರುತ್ತಾನೆ. ಅಮಾವಾಸ್ಯೆ ಹತ್ತಿರದ ದಿನಗಳನ್ನು ಬಿಡಿ. ಚಂದ್ರ ಸೂರ್ಯನ ಪಕ್ಕಕ್ಕೆ ಬಂದಿರುತ್ತಾನೆ, ಮಕ್ಕಳ ಕಣ್ಣಿಗೆ ಅಪಾಯ. ನಾಲ್ಕು ದಿನ ಬಿಡದೆ ಹಿಡಿಸಿದರೆ ಚಂದ್ರ ಎಷ್ಟು ಸವೆಯುತ್ತಾನೋ ಉಂಡೆಯೂ ಅಷ್ಟೇ ಸವೆಯುತ್ತದೆ. ಚಂದ್ರನ ಅರ್ಧ ಯಾವಾಗಲೂ ಬೆಳಗಿಯೇ ಇರುತ್ತದೆ, ನಮಗೆ ಕಾಣೋ ಪಾಲು ಮಾತ್ರ ಬದಲಾಗುತ್ತದೆ. ಇದನ್ನು ನಾನು ಬಾಯಿಬಿಟ್ಟು ಹೇಳಲೇ ಇಲ್ಲ, ಅವರೇ ಹೇಳಿದರು.

ಇದರ ನಡುವೆ ಸುಮ್ನೆ ಇನ್ನೊಂದು ಮಾಡಿದೆವು. ಮೂಡುವಾಗಿನ ಹುಣ್ಣಿಮೆ ಚಂದ್ರ ಎಷ್ಟು ದೊಡ್ಡದು ಅಂದರೆ "ರೊಟ್ಟಿಯಷ್ಟು" ಅಂದರು. ತೋಳು ಚಾಚಿ ಒಂದು ತೊಗರಿ ಕಾಳು ಹಿಡಿಸಿದೆ. ಚಂದ್ರ ಅದರ ಹಿಂದೆ ಅಡಗಿಬಿಟ್ಟ. ನೆತ್ತಿಗೆ ಬಂದ ಮೇಲೂ ಅದೇ ಕಾಳು ಸಾಕಾಯಿತು. ನಮ್ಮ ವಿಜಯಪುರದ ತೊಗರಿ ಇದಕ್ಕೂ ಬಂತಲ್ಲ ಅಂತ ಖುಷಿಯಾಯಿತು.

ಬನದ ಹುಣ್ಣಿಮೆಯ ಹಿಂದಿನ ಸಂಜೆ ಕೆರೆ ಏರಿಯ ಮೇಲೆ ನಿಂತೆವು. ಸೂರ್ಯ ಇನ್ನೂ ಮುಳುಗಿರಲಿಲ್ಲ, ಚಂದ್ರ ಆಗಲೇ ಮೂಡಿದ್ದ. ಉಂಡೆಗಳೆಲ್ಲ ಹೆಚ್ಚುಕಡಿಮೆ ತುಂಬಿಕೊಂಡಿದ್ದವು. ಒಬ್ಬ ಹುಡುಗ ಉಂಡೆ ಸ್ವಲ್ಪ ಕೆಳಗೆ ಹಿಡಿದ, ಅವನ ತಲೆಯ ನೆರಳು ಅದನ್ನು ಪೂರ್ತಿ ನುಂಗಿತು. ಮೊದಲ ವರ್ಷ ನನ್ನನ್ನು ಸೋಲಿಸಿದ್ದು ಅದೇ ನೆರಳು. ನಾನು ಬಾಯಿ ತೆರೆಯುವ ಮೊದಲೇ ಅವನು ಕೇಳಿದ: "ಸರ್, ಇದು ಸಣ್ಣ ಆಗೋದಲ್ರಿ, ಗ್ರಹಣ ಹೌದಲ್ರಿ? ಮತ್ತ ಪ್ರತಿ ಹುಣ್ಣಿವಿಗೆ ಯಾಕ ಹಿಡಿಯಂಗಿಲ್ರಿ?"

ಭೂಮಿ ಸೂರ್ಯನನ್ನು ಸುತ್ತೋ ದಾರಿಗೆ ಹೋಲಿಸಿದರೆ ಚಂದ್ರನ ದಾರಿ ಐದು ಡಿಗ್ರಿ ವಾಲಿದೆ, ಅದಕ್ಕೆ ಬಹಳ ಸಲ ಭೂಮಿಯ ನೆರಳಿನ ಮೇಲಿಂದಲೋ ಕೆಳಗಿಂದಲೋ ದಾಟಿ ಹೋಗುತ್ತಾನೆ ಅಂದೆ. ಅವನು ಉಂಡೆಯನ್ನು ತಲೆಯ ನೆರಳಿನ ಮೇಲೊಮ್ಮೆ, ಕೆಳಗೊಮ್ಮೆ ಹಾಯಿಸಿ ನೋಡುತ್ತಾ ಸೂರ್ಯ ಮುಳುಗುವವರೆಗೂ ಅಲ್ಲೇ ನಿಂತಿದ್ದ.